ಒಂದು ಐರಿಷ್ ಪಾಳೇಗಾರ ಮನೆತನದ ಊರುಗಳಲ್ಲಿ

ಐರ್ಲೆಂಡ್‌ಗೆ ಹೋಗುವವರು ಸಾಮಾನ್ಯವಾಗಿ ಮೋಹರ್ ಬಂಡೆ ನೋಡುತ್ತಾರೆ, ಗಿನ್ನೆಸ್ ಕಾರ್ಖಾನೆ ನೋಡುತ್ತಾರೆ, ವಾಪಸ್ ಬರುತ್ತಾರೆ. ನಾವು ಇಳಿದುಕೊಂಡಿದ್ದು ಡಬ್ಲಿನ್ ಪಕ್ಕದ ಲೀಕ್ಸ್‌ಲಿಪ್‌ನಲ್ಲಿ, ತಮ್ಮನ ಮನೆಯಲ್ಲಿ. ಅವನಿಗೆ ಅಲ್ಲಿನ ಇಂಟೆಲ್‌ನಲ್ಲಿ ಕೆಲಸ. ಅವನ ಆಫೀಸಿಗೆ ಹೋಗುವ ದಾರಿಯ ಆಸುಪಾಸಿನಲ್ಲೇ ಒಂದು ಉದ್ದದ ಕಲ್ಲಿನ ಗೋಡೆ. ಕಾರಿನಲ್ಲಿ ಹೋದರೂ ಮುಗಿಯುವುದೇ ಇಲ್ಲ. "ಒಳಗೇನಿದೆಯೋ?" ಅಂದೆ. "ಡ್ಯೂಕ್ ಮನೆ ಅಕ್ಕ. ಈಗ ಹೋಟೆಲ್" ಅಂದ. ಆ ಡ್ಯೂಕ್ ಯಾರು ಅಂತ ಹುಡುಕುತ್ತಾ ಹೋದ ಮೇಲೆ ಮೋಹರ್ ಬಂಡೆ ಪಟ್ಟಿಯಿಂದ ಬಿದ್ದುಹೋಯಿತು. ಮೇ ಕೊನೆಯ ವಾರ. ರಾತ್ರಿ ಒಂಬತ್ತೂವರೆಗೂ ಬೆಳಕು. ಯಜಮಾನರು ಸ್ವಲ್ಪ ಗೊಣಗಿದರು, ಆಮೇಲೆ ಒಪ್ಪಿಕೊಂಡರು.

ಫಿಟ್ಜ್‌ಜೆರಾಲ್ಡ್ ಅಂತ ಮನೆತನದ ಹೆಸರು. ಮೊದಲು ಕಿಲ್ಡೇರ್‌ನ ಅರ್ಲ್‌ಗಳು, 1766ರಿಂದ ಲೆನ್‌ಸ್ಟರ್‌ನ ಡ್ಯೂಕ್‌ಗಳು. ಏಳುನೂರು ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯಲ್ಲಿ ಅವರದೇ ದರ್ಬಾರು.

ಗುರುವಾರ, ಮೇನೂತ್

ಲೀಕ್ಸ್‌ಲಿಪ್‌ನಿಂದ ಮೇನೂತ್‌ಗೆ ರೈಲಿನಲ್ಲಿ ಹತ್ತು ನಿಮಿಷವೂ ಆಗುವುದಿಲ್ಲ. ಲೀಪ್ ಕಾರ್ಡ್ (ಬಸ್ಸು ರೈಲಿಗೆಲ್ಲ ನಡೆಯುವ, ದುಡ್ಡು ತುಂಬಿಸಿಕೊಳ್ಳುವ ಕಾರ್ಡು) ಇದ್ದರೆ ಟಿಕೆಟ್ ಗೋಜಿಲ್ಲ. ಹಳಿಯ ಪಕ್ಕದಲ್ಲೇ ರಾಯಲ್ ಕೆನಾಲ್ ಹರಿಯುತ್ತದೆ. ಕಾಲುವೆ ಈ ಊರಿಗೆ ಬಂದಿರುವುದೂ ಡ್ಯೂಕ್ ಹಟದಿಂದಲೇ. ಎರಡನೇ ಡ್ಯೂಕ್ "ನಮ್ಮೂರಿನ ಮೇಲೆ ಹೋಗಬೇಕು" ಅಂತ ಪಟ್ಟು ಹಿಡಿದ. ಅದಕ್ಕಾಗಿ ಲೀಕ್ಸ್‌ಲಿಪ್ ಹತ್ತಿರ ರೈ ನದಿಯ ಮೇಲೆ ದೊಡ್ಡ ಮೇಲ್ಗಾಲುವೆಯನ್ನೇ ಕಟ್ಟಬೇಕಾಯಿತು. ಸ್ಟೇಷನ್ ಎದುರು ದೋಣಿ ನಿಲ್ಲಿಸುವ ಕೊಳಕ್ಕೆ ಈಗಲೂ ಡ್ಯೂಕ್ಸ್ ಹಾರ್ಬರ್ ಅಂತಲೇ ಹೆಸರು. ಹಂಸಗಳು ಬ್ರೆಡ್ಡಿಗಾಗಿ ಕಾದಿದ್ದವು.

ಕೋಟೆ ಊರ ನಡುವೆಯೇ ಇದೆ, ಕಾಲೇಜ್ ಗೇಟಿಗೆ ಒತ್ತಿಕೊಂಡು. 1200ರ ಸುಮಾರಿಗೆ ಕಟ್ಟಲು ಶುರುಮಾಡಿದ್ದು. ಪ್ರವೇಶ ಉಚಿತ, ಆದರೆ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತದೆ. ಉಳಿದಿರುವುದು ಹೆಬ್ಬಾಗಿಲು ಮತ್ತು ದಪ್ಪ ಗೋಡೆಯ ಚೌಕಾಕಾರದ ಗೋಪುರ. ಚಾವಣಿ ಇಲ್ಲ. ಎಂಟನೇ ಅರ್ಲ್ ಗ್ಯಾರೆಟ್ ಮೋರ್ 1513ರಲ್ಲಿ ಸಾಯುವವರೆಗೆ ಇಡೀ ಐರ್ಲೆಂಡನ್ನು ಹೆಚ್ಚುಕಡಿಮೆ ಇಲ್ಲಿಂದಲೇ ಆಳಿದ. ಹೆಸರಿಗಷ್ಟೇ ಇಂಗ್ಲೆಂಡಿನ ರಾಜನ ಪ್ರತಿನಿಧಿ.

ಮಗನ ಕಾಲಕ್ಕೆ ರಾಜನಿಗೆ ಅನುಮಾನ ಬಂತು, ಲಂಡನ್ ಸೆರೆಮನೆಗೆ ಕರೆಸಿಕೊಂಡ. ಮೊಮ್ಮಗ ಥಾಮಸ್‌ಗೆ ಆಗ ಇಪ್ಪತ್ತೊಂದು ವರ್ಷ. ಅವನ ಕಡೆಯವರು ಶಿರಸ್ತ್ರಾಣಕ್ಕೆ ರೇಷ್ಮೆ ಕುಚ್ಚು ಕಟ್ಟಿಕೊಳ್ಳುತ್ತಿದ್ದರಂತೆ, ಅದಕ್ಕೇ ಸಿಲ್ಕನ್ ಥಾಮಸ್. 1534ರ ಜೂನ್‌ನಲ್ಲಿ ಡಬ್ಲಿನ್‌ನ ತುಂಬಿದ ಸಭೆಯಲ್ಲಿ ರಾಜಖಡ್ಗವನ್ನು ಎಸೆದು ದಂಗೆ ಎದ್ದ. ಮರುವರ್ಷ ಇಂಗ್ಲಿಷರ ಫಿರಂಗಿ ಈ ಗೋಡೆಗಳ ಮುಂದೆ ಬಂದು ನಿಂತವು. ಒಳಗಿದ್ದವರು ಶರಣಾದರು. ಶರಣಾದವರಲ್ಲಿ ಬಹಳ ಜನರ ತಲೆ ತೆಗೆದರು. ಆ ಕಡೆ ಇದನ್ನು "ಮೇನೂತ್ ಕ್ಷಮಾದಾನ" ಅಂತ ವ್ಯಂಗ್ಯವಾಗಿ ಕರೆಯುವುದುಂಟು. 1537ರಲ್ಲಿ ಥಾಮಸ್‌ನನ್ನೂ ಅವನ ಐವರು ಚಿಕ್ಕಪ್ಪಂದಿರನ್ನೂ ಲಂಡನ್‌ನಲ್ಲಿ ಕೊಂದರು. ಮನೆತನದಲ್ಲಿ ಉಳಿದಿದ್ದು ಸಿಡುಬು ಬಂದು ಮಲಗಿದ್ದ ಒಬ್ಬ ಹುಡುಗ, ಥಾಮಸ್‌ನ ಮಲತಮ್ಮ. ಅವನನ್ನು ಕಂಬಳಿ ಸುತ್ತಿ ಬುಟ್ಟಿಯಲ್ಲಿಟ್ಟು ಸಾಗಿಸಿದರಂತೆ. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ, ಭಾನುವಾರ ಮತ್ತೆ ಸಿಗುತ್ತಾನೆ.

ಕಾಲೇಜ್ ಗೇಟಿನ ಒಳಗೆ ಒಂದು ಹಳೇ ಯೂ ಮರ ಇದೆ. ಏಳೆಂಟುನೂರು ವರ್ಷದ್ದು ಅನ್ನುತ್ತಾರೆ. ತಾನೂ ಶರಣಾಗುವ ಹಿಂದಿನ ರಾತ್ರಿ ಥಾಮಸ್ ಇದರ ಕೆಳಗೆ ಕೂತು ವೀಣೆಯಂಥ ಲೂಟ್ ನುಡಿಸಿದನಂತೆ. ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜ ತಾನಾಗಿ ನಿಂತು ಈ ಕತೆ ಹೇಳಿದರು. "ನಿಜಾನಾ?" ಅಂದರು ನಮ್ಮ ಯಜಮಾನರು. "ಮರ ನಿಜ" ಅಂದು ಅಜ್ಜ ಹೊರಟೇಬಿಟ್ಟರು.

ಅಷ್ಟರಲ್ಲಿ ಗಾಳಿ ಬೀಸಿ ನನ್ನ ಕೊಡೆ ಉಲ್ಟಾ ಆಗಿ, ಎರಡು ಕಡ್ಡಿ ಮುರಿದವು. ಈ ದೇಶಕ್ಕೆ ಕೊಡೆ ತರಬೇಡಿ, ಟೋಪಿ ಇರುವ ಮಳೆ ಜಾಕೆಟ್ ತನ್ನಿ. ಒದ್ದೆಯಾಗಿ ಒಂದು ಕೆಫೆಗೆ ನುಗ್ಗಿದೆವು. ಸಸ್ಯಾಹಾರಿಗಳಿಗೆ ಎಲ್ಲ ಊರಲ್ಲೂ ಒಂದು ಆಸರೆ ಇದೆ: ಅವತ್ತಿನ ಸೂಪು, ಜೊತೆಗೆ ಕಂದು ಸೋಡಾ ಬ್ರೆಡ್, ಬೆಣ್ಣೆ. ಸೂಪಿಗೆ ಚಿಕನ್ ಸ್ಟಾಕ್ ಹಾಕಿದ್ದಾರಾ ಅಂತ ಕೇಳಿಯೇ ಆರ್ಡರ್ ಮಾಡಿ. ಬ್ರೆಡ್ಡು ಮಾತ್ರ ಅದ್ಭುತ. ಬೆಣ್ಣೆ ಅದಕ್ಕಿಂತ.

ಶುಕ್ರವಾರ, ಕಾರ್ಟನ್

ಮೇನೂತ್‌ನ ಮುಖ್ಯ ಬೀದಿಯ ಒಂದು ತುದಿಯಲ್ಲಿ ಕೋಟೆ, ಇನ್ನೊಂದು ತುದಿಯಲ್ಲಿ ಎರಡೂ ಬದಿ ಲೈಮ್ ಮರಗಳ ಸಾಲು. ಆ ಸಾಲು ಹಿಡಿದು ನಡೆದರೆ ಕಾರ್ಟನ್ ಬಂಗಲೆಯ ಗೇಟು. ಇಡೀ ಊರೇ ಹಳೇ ಮನೆಗೂ ಹೊಸ ಮನೆಗೂ ನಡುವಿನ ಪಡಸಾಲೆ. ಮನೆ ಮುಟ್ಟಲು ಅರ್ಧ ಗಂಟೆಗೂ ಜಾಸ್ತಿ ನಡೆಯಬೇಕು. ಕಾರಿದ್ದವರೂ ನಡೆದೇ ಹೋಗಿ ಅನ್ನುತ್ತೇನೆ. ಒಳಗಿನ ಜಾಗ ಸುಮಾರು 1100 ಎಕರೆ, ಸುತ್ತ ಸುಮಾರು ಐದು ಮೈಲಿ ಗೋಡೆ. ನಡೆದಾಗಲೇ ಅದರ ಅಳತೆ ಕಾಲಿಗೆ ಗೊತ್ತಾಗುವುದು.

1739ರಲ್ಲಿ ಹತ್ತೊಂಬತ್ತನೇ ಅರ್ಲ್, ರಿಚರ್ಡ್ ಕ್ಯಾಸಲ್ ಎಂಬ ಜರ್ಮನ್ ಮೂಲದ ವಾಸ್ತುಶಿಲ್ಪಿಯಿಂದ ಮನೆಯನ್ನು ಹೊಸದಾಗಿ ಕಟ್ಟಿಸಿದ. ಬೂದು ಕಲ್ಲು, ಅಚ್ಚುಕಟ್ಟು ಕಿಟಕಿಗಳು. ಹೊರಗಿಂದ ನನಗೆ ಅಂಥಾ ಖುಷಿ ಆಗಲಿಲ್ಲ. ಸರ್ಕಾರಿ ಕಚೇರಿಯ ಗಾಂಭೀರ್ಯ. ಒಳಗೆ ಗೋಲ್ಡ್ ಸಲೂನ್‌ಗೆ ಕಾಲಿಟ್ಟ ಮೇಲೆ ಮಾತು ನಿಂತಿತು. ಲಫ್ರಾಂಚೀನಿ ಅಣ್ಣತಮ್ಮಂದಿರು ಚಾವಣಿಯಲ್ಲಿ ಗಾರೆಯಿಂದ ದೇವತೆಗಳ ಪ್ರಣಯ ಪ್ರಸಂಗಗಳನ್ನು ಮಾಡಿದ್ದಾರೆ. ಒಬ್ಬ ದೇವತೆಯ ಕಾಲು ಚೌಕಟ್ಟಿನಿಂದ ಹೊರಗೇ ಬಂದಿದೆ, ಈಗ ಬಿದ್ದಾನು ಅನ್ನುವ ಹಾಗೆ. ಅದರ ಕೆಳಗೆ ಜನ ಮೂರಂತಸ್ತಿನ ತಟ್ಟೆಯಲ್ಲಿ ಸ್ಕೋನ್ ತಿನ್ನುತ್ತಿದ್ದರು. ಆಫ್ಟರ್‌ನೂನ್ ಟೀ ಬೆಲೆ ನೋಡಿ ನಾವು ಬರೀ ಟೀ ಸಾಕು ಅಂದೆವು. ಟೀ ಕುಡಿದರೆ ಚಾವಣಿ ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಯಾರೂ ಎಬ್ಬಿಸುವುದಿಲ್ಲ.

ಈ ಮನೆಯ ಜೀವ ಎಮಿಲಿ. ಇಂಗ್ಲೆಂಡಿನ ರಿಚ್ಮಂಡ್ ಡ್ಯೂಕನ ಮಗಳು, ಎರಡನೇ ಚಾರ್ಲ್ಸ್ ರಾಜನ ಮರಿಮೊಮ್ಮಗಳು. ಹದಿನೈದು ವರ್ಷಕ್ಕೆ ಇಲ್ಲಿಯ ಸೊಸೆಯಾಗಿ ಬಂದಳು. ನದಿಗೆ ಅಡ್ಡ ಕಟ್ಟಿಸಿ ಕೆರೆ ಮಾಡಿಸಿದ್ದು, ಕಪ್ಪೆಚಿಪ್ಪು ಅಂಟಿಸಿ ಕೆರೆದಂಡೆಯ ಕುಟೀರ ಸಿಂಗರಿಸಿದ್ದು, ಒಂದು ಕೋಣೆಗೆ ಚೀನೀ ಚಿತ್ರದ ಕಾಗದ ಕತ್ತರಿಸಿ ಅಂಟಿಸಿದ್ದು, ಎಲ್ಲ ಇವಳ ಕಾಲದಲ್ಲಿ. ಹೆತ್ತಿದ್ದು ಇಪ್ಪತ್ತಕ್ಕೂ ಜಾಸ್ತಿ ಮಕ್ಕಳನ್ನು. ಗಂಡ ತೀರಿಕೊಂಡ ಮರುವರ್ಷವೇ, 1774ರಲ್ಲಿ, ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರನ್ನು ಮದುವೆಯಾದಳು. ಡಬ್ಲಿನ್ ಬಾಯಿ ಬಿಟ್ಟುಕೊಂಡು ನೋಡಿತು. ಆ ಮೇಷ್ಟ್ರು ಮಕ್ಕಳಿಗೆ ಪಾಠ ಮಾಡುತ್ತಿದ್ದ ಬ್ಲ್ಯಾಕ್‌ರಾಕ್‌ನ ಫ್ರೆಸ್ಕಾಟಿ ಮನೆ ಉಳಿಸಲು ದೊಡ್ಡ ಹೋರಾಟವೇ ನಡೆಯಿತು. ಆದರೂ 1983ರಲ್ಲಿ ಕೆಡವಿದರು. ಈಗ ಅಲ್ಲಿ ಶಾಪಿಂಗ್ ಸೆಂಟರ್.

ಕೆರೆಯ ಸುತ್ತ ನಡೆಯಲು ಹೊರಟರೆ ಎಲ್ಲೆಲ್ಲೂ ಗಾಲ್ಫ್ ಅಂಗಳ. ಕೋಲು ಬೀಸುವವರ ಕಣ್ಣು ತಪ್ಪಿಸಿ ನಡೆಯಬೇಕು. ಒಂದು ಚೆಂಡು ಯಜಮಾನರ ಪಕ್ಕದಲ್ಲೇ ಬಿತ್ತು. ಅವರು ಅದನ್ನೆತ್ತಿ ಮರ್ಯಾದೆಯಿಂದ ವಾಪಸ್ ಕೊಟ್ಟರು. ಹಾಗೆ ಕೊಡಬಾರದಂತೆ, ಆಟ ಕೆಟ್ಟಿತಂತೆ. ಆಡುತ್ತಿದ್ದಾತ ನಕ್ಕು, "ಹೇಗೂ ಸೋಲುತ್ತಿದ್ದೆ ಬಿಡಿ" ಅಂದ.

ಈ ಮನೆ ಕೈಬಿಟ್ಟ ಕತೆ ಕೇಳಿ. ಆರನೇ ಡ್ಯೂಕ್‌ಗೆ ಮನೋರೋಗ, ಎಡಿನ್‌ಬರೋದ ಆಸ್ಪತ್ರೆಯಲ್ಲೇ ಬದುಕಿದ. ಅವನ ಮೊದಲ ತಮ್ಮ 1916ರಲ್ಲಿ ಯುದ್ಧದಲ್ಲಿ ಸತ್ತ. ಕೊನೆಯ ತಮ್ಮ ಎಡ್ವರ್ಡ್, ಜೂಜುಕೋರ. ಸಾಲ ಕತ್ತಿಗೆ ಬಂದಾಗ, ಮುಂದೆಂದಾದರೂ ಎಸ್ಟೇಟು ತನ್ನ ಕೈಗೆ ಬಂದರೆ ಅದರ ಆದಾಯವೆಲ್ಲ ನಿಮಗೇ ಅಂತ ಬರೆದುಕೊಟ್ಟ. ಬರೆಸಿಕೊಂಡವನು ಸರ್ ಹ್ಯಾರಿ ಮ್ಯಾಲಬಿ-ಡೀಲಿ, ಅಗ್ಗದ ಸೂಟು ಮಾರಿ ಹೆಸರಾದ ಹಣವಂತ, ಸಂಸದ. ಬದಲಿಗೆ ಸಾಲ ತೀರಿಸಿ, ವರ್ಷಕ್ಕೆ 1000 ಪೌಂಡ್ ಜೀವನಾಂಶ. 1922ರಲ್ಲಿ ಅಣ್ಣ ತೀರಿಕೊಂಡು ಎಡ್ವರ್ಡ್ ಡ್ಯೂಕ್ ಆದ. ಪಟ್ಟ ಇವನಿಗೆ, ಫಲ ಸೂಟಿನವನಿಗೆ. 1949ರಲ್ಲಿ ಕಾರ್ಟನ್ ಮಾರಾಟವಾಯಿತು. ಎಡ್ವರ್ಡ್ 1976ರಲ್ಲಿ ಲಂಡನ್‌ನ ಸಣ್ಣ ಬಾಡಿಗೆ ಕೋಣೆಯಲ್ಲಿ ತೀರಿಕೊಂಡ.

ಶನಿವಾರ, ಸೆಲ್‌ಬ್ರಿಜ್

ಎಮಿಲಿಯ ತಂಗಿ ಲೂಯಿಸಾ ಕೂಗಳತೆಗಿಂತ ಸ್ವಲ್ಪವೇ ದೂರದಲ್ಲಿ ಸಂಸಾರ ಹೂಡಿದ್ದಳು, ಕಾನಲಿಗಳ ಕಾಸಲ್‌ಟೌನ್ ಬಂಗಲೆಯಲ್ಲಿ. 1722ರಲ್ಲಿ ಶುರುವಾದ ಮನೆ. ಕಟ್ಟಿಸಿದ ವಿಲಿಯಂ ಕಾನಲಿ ಹುಟ್ಟಿನಿಂದ ಸಿರಿವಂತನಲ್ಲ. ಯುದ್ಧದಲ್ಲಿ ಸೋತವರ ಜಮೀನು ಕೊಂಡು ಮಾರಿ ಐರ್ಲೆಂಡಿನ ದೊಡ್ಡ ಹಣವಂತನಾದ, ಪಾರ್ಲಿಮೆಂಟಿನ ಸ್ಪೀಕರೂ ಆದ. ಈಗ ಸರ್ಕಾರದ ಸ್ವತ್ತು. ಹೋಗುವ ಮುನ್ನ ಯಾವ ಗೇಟು ತೆರೆದಿದೆ ಅಂತ ನೋಡಿಕೊಳ್ಳಿ. ನಾವು ಸೆಲ್‌ಬ್ರಿಜ್ ಊರೊಳಗಿಂದ ಮರಗಳ ಸಾಲು ಹಿಡಿದು ನಡೆದೆವು, ಅದೇ ಚಂದ.

ಲೂಯಿಸಾ ಪ್ರಿಂಟುಗಳನ್ನು ಕತ್ತರಿಸಿ ಒಂದು ಕೋಣೆಯ ಗೋಡೆಗೆಲ್ಲಾ ಅಂಟಿಸಿದ್ದಾಳೆ. ಇನ್ನೂ ಹಾಗೇ ಇದೆ. ಉದ್ದನೆಯ ಹಾಲ್‌ಗೆ ವೆನಿಸ್‌ನಿಂದ ನೀಲಿ ಗಾಜಿನ ದೀಪಗೊಂಚಲು ತರಿಸಿದಳು, ಬಂದ ಮೇಲೆ ಗೋಡೆಯ ನೀಲಿಗೂ ಅದಕ್ಕೂ ಹೊಂದಲಿಲ್ಲ ಅಂತ ಕೊರಗಿದಳು. ನನಗಂತೂ ಹೊಂದಿದೆ ಅನಿಸಿತು. ಗೈಡ್ ಹುಡುಗಿಗೆ ಹೇಳಿದೆ. "ಎಲ್ಲರೂ ಹಾಗೇ ಹೇಳ್ತಾರೆ, ಪಾಪ ಅವಳಿಗೆ ಹೇಳೋರು ಯಾರೂ ಇರಲಿಲ್ಲ" ಅಂದಳು.

ಹಾಲ್‌ನ ಕಿಟಕಿಯಿಂದ ದೂರದಲ್ಲಿ ಕಮಾನುಗಳ ಮೇಲೆ ನಿಂತ ಒಂದು ಕಂಬ ಕಾಣುತ್ತದೆ, ಸುಮಾರು 42 ಮೀಟರ್ ಎತ್ತರ. ಉಪಯೋಗ ಏನೂ ಇಲ್ಲ. 1739ರ ಚಳಿಗಾಲದ ಭಾರೀ ಹಿಮಕ್ಕೆ ಆಲೂಗಡ್ಡೆ ನೆಲದಲ್ಲೇ ಕೊಳೆತು ಬರ ಬಂದಾಗ, ಕಾನಲಿಯ ವಿಧವೆ ಕ್ಯಾಥರಿನ್ ಸುತ್ತಲಿನ ಬಡವರಿಗೆ ಕೂಲಿ ಸಿಗಲಿ ಅಂತ ಕಟ್ಟಿಸಿದ್ದು. ತಮಾಷೆ ಅಂದರೆ ಅದು ನಿಂತಿರುವ ನೆಲ ಕಾರ್ಟನ್‌ನವರದು. ಕಂಬದ ಬುಡಕ್ಕೆ ಹೋಗಲು ಒದ್ದೆ ಹುಲ್ಲಿನಲ್ಲಿ ನಡೆದೆವು. ಶೂ ಒಣಗಲು ಎರಡು ದಿನ ಬೇಕಾಯಿತು.

ಭಾನುವಾರ, ಅಥೈ ಮತ್ತು ಕಿಲ್ಕೇ

ತಮ್ಮನಿಗೆ ರಜೆ. ಕಾರಿನಲ್ಲಿ ದಕ್ಷಿಣಕ್ಕೆ ಹೊರಟೆವು. ಇಲ್ಲೂ ಎಡಗಡೆಯೇ ಓಡಿಸುವುದು, ಹಾಗಾಗಿ ನಮ್ಮವರಿಗೆ ಕಷ್ಟವಿಲ್ಲ. ಆದರೆ ಮೋಟಾರುದಾರಿ ಬಿಟ್ಟ ಮೇಲೆ ರಸ್ತೆ ಕಿರಿದಾಗುತ್ತಾ ಹೋಗುತ್ತದೆ. ಎರಡೂ ಕಡೆ ಹಾಥಾರ್ನ್ ಬೇಲಿ, ಬೆಳ್ಳಗೆ ಹೂ ಬಿಟ್ಟು ಕಾರಿನ ಕನ್ನಡಿಗೆ ಸವರುತ್ತಿತ್ತು. ಎದುರಿಗೆ ಬಂದವರೆಲ್ಲ ಸ್ಟಿಯರಿಂಗ್ ಮೇಲಿನ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಯಜಮಾನರೂ ಹಿಂದಿನ ಸೀಟಿನಿಂದ ಬೆರಳೆತ್ತತೊಡಗಿದರು.

ಅಥೈಯಲ್ಲಿ ಬ್ಯಾರೋ ನದಿ ದಂಡೆಗೆ ವುಡ್‌ಸ್ಟಾಕ್ ಕೋಟೆಯ ಹಾಳು ನಿಂತಿದೆ. ಬೇಲಿ ಹಾಕಿದ್ದಾರೆ, ಹೊರಗಿಂದ ನೋಡಬೇಕು. ಇಲ್ಲಿ ಬೆಂಕಿ ಬಿದ್ದಾಗ ತೊಟ್ಟಿಲಲ್ಲಿದ್ದ ಕೂಸನ್ನು ಸಾಕಿದ ಮಂಗವೊಂದು ಎತ್ತಿಕೊಂಡು ಬಂದು ಉಳಿಸಿತಂತೆ. ಆ ಕೂಸೇ ಕಿಲ್ಡೇರ್‌ನ ಮೊದಲ ಅರ್ಲ್. ಅವರ ಲಾಂಛನದಲ್ಲಿ ಇವತ್ತಿಗೂ ಮಂಗಗಳಿವೆ. ನಮ್ಮ ಯಜಮಾನರು ತಕ್ಷಣ ಆಂಜನೇಯನಿಗೆ ಕೈಮುಗಿದರು.

ಈ ಸೀಮೆಗೆ ಇನ್ನೊಂದು ಕತೆ ಇದೆ. 1870ರ ದಶಕದಲ್ಲಿ ಡ್ಯೂಕ್‌ಗೆ ಕಿಲ್ಡೇರ್ ಒಂದರಲ್ಲೇ 67,000 ಎಕರೆಗೂ ಹೆಚ್ಚು ಭೂಮಿ. ಗೇಣಿದಾರರು ಜಮೀನು ಬಿಡುವಾಗ ಕಾನೂನಿನಂತೆ ಸಿಗಬೇಕಾದ ಪರಿಹಾರ ಕೇಳುವುದಿಲ್ಲ ಅಂತ ಬರೆದುಕೊಡಬೇಕು ಅನ್ನುವ ಕರಾರುಪತ್ರ ತಂದ. ಲೆನ್‌ಸ್ಟರ್ ಲೀಸ್ ಅಂತಲೇ ಅದು ಕುಖ್ಯಾತಿ. 1880ರ ಸುಮಾರಿಗೆ ಜನ ಅದನ್ನು ಬಹಿರಂಗವಾಗಿ ಸುಟ್ಟರು. ಡ್ಯೂಕರ ಒಳ್ಳೆಯತನದ ಬಗ್ಗೆ ಹೋಟೆಲಿನ ಗೋಡೆಗಳಲ್ಲಿ ಓದಿದ್ದಕ್ಕಿಂತ ಈ ಒಂದು ಸಂಗತಿ ನನಗೆ ಜಾಸ್ತಿ ಹೇಳಿತು.

ಕಿಲ್ಕೇ ತಲುಪುವ ಮುನ್ನ ರಸ್ತೆ ತುಂಬಾ ಹಸುಗಳು. ಹಾಲು ಕರೆಯಲು ಹೊಡೆದುಕೊಂಡು ಹೋಗುತ್ತಿದ್ದರು. ಇಂಜಿನ್ ಆಫ್ ಮಾಡಿ ಕೂತೆವು. ರೈತ ಕಿಟಕಿಗೆ ಬಗ್ಗಿ "ಎಲ್ಲಿಂದ?" ಅಂದ. ಭಾರತ ಅಂದಾಗ ಮೊದಲು ಕೇಳಿದ್ದು ಅಲ್ಲಿ ಹಾಲಿಗೆ ಲೀಟರಿಗೆಷ್ಟು ಅಂತ. ಆಮೇಲೆ ಕೋಟೆಯ ಮಾತು ಬಂತು. ಅವನ ಮುತ್ತಜ್ಜ ಡ್ಯೂಕ್ ಒಕ್ಕಲು. 1903ರ ಕಾನೂನು ಬಂದಾಗ ಸರ್ಕಾರ ಸಾಲ ಕೊಟ್ಟು ಒಕ್ಕಲುಗಳೇ ಜಮೀನು ಕೊಳ್ಳುವಂತೆ ಮಾಡಿತು. ಲೆನ್‌ಸ್ಟರ್ ಎಸ್ಟೇಟಿನ ಬಹುಪಾಲು ಹಾಗೆಯೇ ಹೋಯಿತು. ಕಂತು ಅರವತ್ತೆಂಟೂವರೆ ವರ್ಷದ್ದು. "ನಮ್ಮಪ್ಪನೂ ಕಟ್ಟಿದ್ದಾನೆ. ಜೂಜಿನಿಂದ ಹೋಯಿತು ಅಂತ ಎಲ್ಲ ಹೇಳ್ತಾರಲ್ಲ, ಜೂಜಾಡೋ ಹೊತ್ತಿಗೆ ಭೂಮಿ ಆಗಲೇ ನಮ್ಮದಾಗಿತ್ತು" ಅಂದ. ಗೋಡೆಯೊಳಗಿನ ಮನೆ ಹೇಗೆ ಹೋಯಿತು ಅಂತ ಶುಕ್ರವಾರ ತಿಳಿದಿತ್ತು, ಗೋಡೆಯಾಚೆಯದು ಇವನಿಂದ ತಿಳಿಯಿತು. ಗಾಲ್ಫ್ ಅಂಗಳದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಕಿಲ್ಕೇ 1180ರ ಕೋಟೆ. ಹತ್ತೊಂಬತ್ತನೇ ಶತಮಾನದಲ್ಲಿ ಚೆನ್ನಾಗಿ ದುರಸ್ತಿಯಾಗಿದೆ, ಇದೂ ಈಗ ಹೋಟೆಲ್, ಇಲ್ಲೂ ಗಾಲ್ಫ್. ಬುಟ್ಟಿಯಲ್ಲಿ ತಪ್ಪಿಸಿಕೊಂಡ ಹುಡುಗ ಯುರೋಪಿನಲ್ಲಿ ಬೆಳೆದು, ಅರ್ಲ್ ಪದವಿ ವಾಪಸ್ ಪಡೆದು ಈ ಕೋಟೆಗೆ ಬಂದ. ಇಟಲಿಯ ವಿದ್ಯೆ ಕಲಿತಿದ್ದ. ಜನ ಮಾಟಗಾರ ಅರ್ಲ್ ಅಂದರು. ಹೆಂಡತಿ ಮಾಟ ತೋರಿಸು ಅಂತ ಕಾಡಿದಳಂತೆ. "ಹೆದರಿದರೆ ನಾನು ಇರುವುದಿಲ್ಲ" ಅಂತ ಹೇಳಿ ಹಕ್ಕಿಯಾದ. ಬೆಕ್ಕು ಹಾರಿತು, ಅವಳು ಚೀರಿದಳು, ಅವನು ಮಾಯ. ಏಳು ವರ್ಷಕ್ಕೊಮ್ಮೆ ಬೆಳ್ಳಿ ಲಾಳದ ಬಿಳಿ ಕುದುರೆ ಏರಿ ಬರುತ್ತಾನೆ. ಲಾಳ ಬೆಕ್ಕಿನ ಕಿವಿಯಷ್ಟು ತೆಳುವಾಗಿ ಸವೆದಾಗ ಶಾಪ ವಿಮೋಚನೆ. ನಿಜವಾಗಿ ಅವನು ಸತ್ತಿದ್ದು 1585ರಲ್ಲಿ, ಲಂಡನ್‌ನಲ್ಲಿ.

ಇಲ್ಲಿಗೆ 1884ರಲ್ಲಿ ಮದುವೆಯಾಗಿ ಬಂದ ಸುಂದರಿ ಹರ್ಮಯನಿಗೆ ಮಾತ್ರ ಈ ಕೋಟೆ ಹಿಡಿಸಲಿಲ್ಲ. ಕಿಲ್ಕೇ ಕೋಟೆ, ಲಾರ್ಡ್ ಕಿಲ್ಡೇರ್, ಎರಡನ್ನೂ ಸಹಿಸುವುದು ಯಾವ ಹೆಣ್ಣಿಂದಲೂ ಆಗದು ಅಂತ ಎರಡು ಸಾಲು ಪ್ರಾಸ ಕಟ್ಟಿದ್ದಳು. ಲಾರ್ಡ್ ಕಿಲ್ಡೇರ್ ಅಂದರೆ ಅವಳ ಗಂಡನೇ. ಜೂಜುಕೋರ ಎಡ್ವರ್ಡ್ ಅವಳ ಮಗ. ಕೋಟೆ 1960ರವರೆಗೆ ಮನೆತನದ ಕೈಯಲ್ಲಿತ್ತು.

ಸೋಮವಾರ, ಡಬ್ಲಿನ್

ಮನೆತನದ ಪಟ್ಟಣದ ಮನೆ ಲೆನ್‌ಸ್ಟರ್ ಹೌಸ್. 1745ರಲ್ಲಿ ಶುರುವಾದಾಗ ಲಿಫಿ ನದಿಯ ಈ ದಡಕ್ಕೆ ಸಿರಿವಂತರು ಬರುತ್ತಿರಲಿಲ್ಲ. "ನಾನು ಹೋದಲ್ಲಿಗೆ ಅವರೂ ಬರುತ್ತಾರೆ" ಅಂದನಂತೆ ಅರ್ಲ್. ಬಂದರು. 1815ರಲ್ಲಿ ಡಬ್ಲಿನ್ ಸೊಸೈಟಿಗೆ ಮಾರಿದರು, 1922ರಿಂದ ಅದು ಐರ್ಲೆಂಡಿನ ಪಾರ್ಲಿಮೆಂಟು. ನೋಡಲು ದುಡ್ಡಿಲ್ಲ, ಫೋಟೋ ಇರುವ ಗುರುತಿನ ಚೀಟಿ ಬೇಕು, ನಾವು ಪಾಸ್‌ಪೋರ್ಟ್ ತೋರಿಸಿದೆವು. ಸೆಕ್ಯುರಿಟಿ ಯಂತ್ರದಲ್ಲಿ ನಮ್ಮ ಸ್ಟೀಲ್ ಡಬ್ಬಿ ಸಿಕ್ಕಿಬಿತ್ತು. ತೆರೆಯಲು ಹೇಳಿದರು. ಚಿತ್ರಾನ್ನ. ಕಾವಲಿನವನು ಮೂಸಿ, "ಇದು ಅಪಾಯವಲ್ಲ, ಆದರೆ ನನಗೆ ಹಸಿವಾಯಿತು" ಅಂದ.

ಸೆನೆಟ್ ಸೇರುವುದು ಡ್ಯೂಕರ ಹಳೇ ಸಲೂನಿನಲ್ಲಿ. ಅಮೆರಿಕದ ವೈಟ್ ಹೌಸ್ ವಿನ್ಯಾಸ ಮಾಡಿದ ಜೇಮ್ಸ್ ಹೋಬನ್ ಐರಿಷ್ ಮನುಷ್ಯ, ಡಬ್ಲಿನ್‌ನಲ್ಲಿ ಕಲಿತವನು. ಮುಂಭಾಗ ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ. ಎಮಿಲಿಯ ಮಗ ಲಾರ್ಡ್ ಎಡ್ವರ್ಡ್‌ಗೆ ಮಾತ್ರ ಇದು ಮಂಕು ಕವಿದ ಮನೆ, ಅಮ್ಮನಿಗೆ ಹಾಗಂತಲೇ ಕಾಗದ ಬರೆದಿದ್ದ. ಇಡೀ ಮನೆತನದಲ್ಲಿ ಐರಿಷರು ಇವತ್ತಿಗೂ ಪ್ರೀತಿಯಿಂದ ನೆನೆಯುವುದು ಅವನನ್ನೇ. ಫ್ರೆಂಚ್ ಕ್ರಾಂತಿಗೆ ಮನಸೋತು, ಪಟ್ಟದ ಹೆಸರು ಬೇಡ ಅಂದು, ಫ್ರಾನ್ಸ್ ಸಹಾಯದಿಂದ ಇಂಗ್ಲಿಷರನ್ನು ಓಡಿಸಲು ಹೊರಟ. 1798ರ ಮೇ 19ರಂದು ಸಿಕ್ಕಿಬಿದ್ದ, ಹೆಗಲಿಗೆ ಗುಂಡು ತಗುಲಿ ಜೂನ್ 4ಕ್ಕೆ ಜೈಲಿನಲ್ಲಿ ಸತ್ತ.

ಮೈಸೂರಿನವರಿಗೆ ಈ ತಾರೀಖುಗಳು ಸುಮ್ನೆ ಓದಿಕೊಂಡು ಹೋಗುವಂಥವಲ್ಲ. ಅದೇ ವರ್ಷ ಟಿಪ್ಪು ಕೂಡ ಫ್ರೆಂಚರ ದಾರಿ ಕಾಯುತ್ತಿದ್ದ. ಜೂನ್‌ನಲ್ಲೇ ಐರ್ಲೆಂಡಿಗೆ ವೈಸರಾಯ್ ಆಗಿ ಬಂದು ದಂಗೆ ಅಡಗಿಸಿದವನು ಕಾರ್ನ್‌ವಾಲಿಸ್, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನೇ. ಲಾರ್ಡ್ ಎಡ್ವರ್ಡ್ ಸಿಕ್ಕಿಬಿದ್ದ ತಿಂಗಳಲ್ಲೇ ಕಲ್ಕತ್ತಕ್ಕೆ ಗವರ್ನರ್ ಜನರಲ್ ಆಗಿ ಬಂದಿಳಿದವನು ರಿಚರ್ಡ್ ವೆಲ್ಲೆಸ್ಲಿ, ಮರುವರ್ಷ ಟಿಪ್ಪುವಿನ ಮೇಲೆ ಯುದ್ಧ ಸಾರಿದವನು. ಅವನೂ ಐರ್ಲೆಂಡಿನ ಜಮೀನುದಾರರ ಮಗ. ಲೆನ್‌ಸ್ಟರ್ ಹೌಸ್‌ನ ಹಿಂದಿನ ಹುಲ್ಲುಹಾಸು ಬಳಸಿ ಮೆರಿಯನ್ ಸ್ಟ್ರೀಟ್‌ಗೆ ಹೋದರೆ 24ನೇ ನಂಬರು ಅವರ ಮನೆ. ತಮ್ಮ ಆರ್ಥರ್, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು, 1769ರಲ್ಲಿ ಹುಟ್ಟಿದ್ದು ಇಲ್ಲೇ ಅನ್ನುತ್ತಾರೆ. ಅದೂ ಹೋಟೆಲ್ಲೇ!

ಬಾಗಿಲಲ್ಲಿ ನಿಂತಿದ್ದವನು ನಾವು ತಲೆಯೆತ್ತಿ ನೋಡುತ್ತಿದ್ದದ್ದನ್ನು ಕಂಡು "ವೆಲ್ಲಿಂಗ್ಟನ್ ಅಭಿಮಾನಿಗಳಾ?" ಅಂದ. "ಅಲ್ಲಪ್ಪಾ, ನಮ್ಮೂರಲ್ಲೂ ಅವನದೊಂದು ಮನೆ ಇದೆ" ಅಂದರು ಯಜಮಾನರು. ಮೈಸೂರಿನ ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್, ಟಿಪ್ಪು ಸತ್ತ ಮೇಲೆ ಆರ್ಥರ್ ಇಳಿದುಕೊಂಡಿದ್ದ ಕಟ್ಟಡ. "ಅದೂ ಹೋಟೆಲ್ಲಾ?" ಅಂತ ಕೇಳಿದ. ಮ್ಯೂಸಿಯಂ ಅಂದೆವು. "ಹಾಗಿದ್ದರೆ ಟೀ ಅಗ್ಗ ಇರಬೇಕು" ಅಂದ. ಹತ್ತಿರದ ಪಾರ್ಕಿನಲ್ಲಿ ಬೆಂಚು ಹುಡುಕಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಲೀಕ್ಸ್‌ಲಿಪ್ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.